ಮೆತ್ತಗೆ ಒದೆಯುವ ಗುಂಡು

ನನ್ನ ಹಣೆಯ ಮೇಲೆ, ಎರಡು ಹುಬ್ಬುಗಳ ನಟ್ಟನಡುವೆ, ಅರ್ಧಚಂದ್ರಾಕಾರದ ಒಂದು ಗಾಯದ ಗುರುತಿದೆ. ಆಫೀಸಿನಲ್ಲಿ ಕೇಳಿದವರಿಗೆಲ್ಲ ಅಡುಗೆಮನೆಯ ಕಪಾಟಿನ ಬಾಗಿಲು ಬಡಿಯಿತು ಎಂದು ಹೇಳಿದ್ದೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಅದು ಬಂದೂಕಿನಿಂದ ಆದದ್ದು. ಗಾಬರಿಯಾಗಬೇಡಿ, ನನಗೆ ಯಾರೂ ಗುಂಡು ಹೊಡೆಯಲಿಲ್ಲ. ಹೊಡೆದವನು ನಾನೇ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹುಟ್ಟಿ, ಇವತ್ತಿನವರೆಗೆ ಒಂದು ಕೋಳಿಮೊಟ್ಟೆಯನ್ನೂ ಒಡೆಯದ, ಜಿರಲೆ ಕಂಡರೆ ಪೊರಕೆಯಲ್ಲಿ ಮೆಲ್ಲಗೆ ತಳ್ಳಿ ಹೊರಗೆ ಬಿಟ್ಟುಬರುವ ಅನಂತಪದ್ಮನಾಭ ಎಂಬ ಸಾಧುಪ್ರಾಣಿಗೆ ಬ್ರಿಸ್ಬೇನ್‌ನಲ್ಲಿ ಈ ಗತಿ ಹೇಗೆ ಬಂತೆಂದು ಹೇಳಿಬಿಡುತ್ತೇನೆ, ಕೇಳಿ.

ಇದು 2014ರ ಸೆಪ್ಟೆಂಬರ್ ಹನ್ನೆರಡನೇ ತಾರೀಕು, ಶುಕ್ರವಾರ, ಊಟದ ಹೊತ್ತಿಗೆ ಶುರುವಾಯಿತು. ನನ್ನ ಹೆಂಡತಿ ಕಸ್ತೂರಿ ಹುರುಳಿಕಾಯಿ ಪಲ್ಯ ಬಡಿಸುತ್ತಿದ್ದಳು. ಮಗಳು ನಿಖಿತಾಗೆ ಹದಿನೈದು ವರ್ಷ. ನಾವು ಪರ್ತ್‌ನ ಥಾರ್ನ್ಲಿಯಲ್ಲಿದ್ದಾಗ ಹುಟ್ಟಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. ಅವಳು ಹಪ್ಪಳ ಮುರಿಯುತ್ತ, ಉಪ್ಪು ಕೇಳುವ ಧ್ವನಿಯಲ್ಲೇ ಕೇಳಿದಳು.

"ಡ್ಯಾಡ್, ಕ್ಯಾನ್ ಐ ಶೂಟ್ ಎ ಡೀರ್?"

ನನ್ನ ತುತ್ತು ಕೈಯಲ್ಲೇ ಉಳಿಯಿತು. ಅವಳು ಶಾಲೆಯ ರೈಫಲ್ ಟೀಮಿಗೆ ಸೇರಿ ಒಂದು ವರ್ಷವಾಗಿತ್ತು, ಅದು ನನಗೆ ಗೊತ್ತಿತ್ತು. ಹದಿನೆಂಟು ತುಂಬದವರಿಗೆ ಕೊಡುವ ಲೈಸೆನ್ಸಿಗೆ ಸಹಿ ಹಾಕಿದವನೂ ನಾನೇ. ಆದರೆ ಅಲ್ಲಿ ಹೊಡೆಯುವುದು ಕಾಗದಕ್ಕೆ. ಕಾಗದಕ್ಕೆ ನಾಲ್ಕು ಕಾಲು, ಎರಡು ಕಣ್ಣು ಇರುವುದಿಲ್ಲ.

"ನಮ್ಮ ವಂಶದಲ್ಲಿ ಯಾರೂ ಇಂಥಾ ಕೆಲಸ ಮಾಡಿಲ್ಲ" ಎಂದೆ, ಸಾಧ್ಯವಾದಷ್ಟು ಗಂಭೀರವಾಗಿ.

"ನಿಮ್ಮ ವಂಶದಲ್ಲಿ ಯಾರೂ ಸಮುದ್ರಾನೂ ದಾಟಿರ್ಲಿಲ್ಲ" ಎಂದಳು ಕಸ್ತೂರಿ. "ಪೂರ್ತಿ ಕೇಳಿ ಮೊದಲು."

ಪೂರ್ತಿ ಕೇಳಿದೆ. ನಿಖಿತಾಳ ಗೆಳತಿ ಟೀಗನ್‌ಳ ತಾತ ಬ್ಯಾರಿಗೆ ಬ್ರಿಸ್ಬೇನ್ ವ್ಯಾಲಿಯಲ್ಲಿ ದನಗಳೂ ಅವುಗಳ ಮೇವಿಗೆ ಬೆಳೆಯುವ ಕುದುರೆಮೆಂತ್ಯದ ಹೊಲಗಳೂ ಇವೆ. ಅಲ್ಲಿ ಕೆಂಪು ಜಿಂಕೆಗಳ ಹಾವಳಿ. ಈ ನಾಡಿನವೇ ಅಲ್ಲದ ಪ್ರಾಣಿಗಳು, ಯಾವ ಕಾಲದಲ್ಲೋ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು (ನಮ್ಮ ಹಾಗೆ ಪರ್ಮನೆಂಟ್ ವೀಸಾ ಮಾತ್ರ ಸಿಕ್ಕಿಲ್ಲ). ಬೇಲಿ ಮುರಿಯುತ್ತವೆ, ಬೆಳೆ ಮೇಯುತ್ತವೆ. ವರ್ಷಕ್ಕೆ ಇಷ್ಟು ಎಂದು ಹೊಡೆಯಲೇಬೇಕು. ಟೀಗನ್ ಹೋದ ವರ್ಷ ತನ್ನ ಮೊದಲನೇದನ್ನು ಹೊಡೆದಿದ್ದಾಳೆ. ಈಗ ಬ್ಯಾರಿ ನಿಖಿತಾಳನ್ನು ಕರೆದಿದ್ದಾನೆ, ದಸರಾ ಶನಿವಾರಕ್ಕೆ.

"ಸಮ್‌ಒನ್ ವಿಲ್ ಶೂಟ್ ದೆಮ್ ಎನಿವೇ, ಡ್ಯಾಡ್. ಐ ವಾಂಟ್ ಟು ಡೂ ಇಟ್ ಪ್ರಾಪರ್ಲಿ" ಎಂದಳು ನಿಖಿತಾ.

ಆ 'ಪ್ರಾಪರ್ಲಿ' ಎಂಬ ಮಾತು ನನ್ನನ್ನು ಹಿಡಿಯಿತು. ನಾನು ಪ್ರಾಪರ್ಲಿ ಮನುಷ್ಯ. ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಅಂಕಿ ಅಂಶ ನೋಡುವ ಕೆಲಸದವನು. ಅವಳು ಮುಂದುವರಿಸಿದಳು. ಶಾಲೆಯ ಸಣ್ಣ ರೈಫಲ್ ಭುಜಕ್ಕೆ ಒದೆಯುವುದೇ ಇಲ್ಲವಂತೆ, ಜಿಂಕೆಗೆ ಬೇಕಾದ ರೈಫಲ್ ಕತ್ತೆಯ ಹಾಗೆ ಒದೆಯುತ್ತದಂತೆ. ಮೊದಲ ಸಲವೇ ಜೋರಾಗಿ ಒದೆಸಿಕೊಂಡ ಮಗು ಆಮೇಲೆ ಬಂದೂಕಿನ ಕುದುರೆ (ಅಂದರೆ ಟ್ರಿಗರ್) ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ಕಣ್ಣು ಮುಚ್ಚಿದರೆ ಗುಂಡು ಎಲ್ಲೋ ತಗುಲುತ್ತದೆ, ಜಿಂಕೆ ಸಾಯದೆ ಎಲ್ಲೋ ಓಡಿಹೋಗಿ ಪೊದೆಯಲ್ಲಿ ನರಳುತ್ತದೆ. ಆದ್ದರಿಂದ ಮೊದಲ ಬೇಟೆಗೆ ಮೆತ್ತಗೆ ಒದೆಯುವ ಗುಂಡನ್ನು ಹುಡುಕಬೇಕು. ಬ್ಯಾರಿಯದು ಯೂಟ್, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿಯಿರುವ ಗಾಡಿ, ಮುಂದೆ ಮೂರೇ ಸೀಟು. ಬ್ಯಾರಿ, ನಿಖಿತಾ, ಮತ್ತೆ ಅಪ್ಪ ಅಮ್ಮನಲ್ಲಿ ಒಬ್ಬರು.

ಆ ಮೂರನೇ ಸೀಟು ನನಗೆ ಬೇಕೆನಿಸಿತು. ಬೇಟೆಯ ಆಸೆಯಿಂದಲ್ಲ. ಮಗಳು ಈಗೀಗ ನನ್ನನ್ನು ಎಲ್ಲಿಗೂ ಕರೆಯುತ್ತಿರಲಿಲ್ಲ. ಶಾಲೆಯ ಹತ್ತಿರ ಕಾರಿನಿಂದ ಒಂದು ರಸ್ತೆ ಹಿಂದೆಯೇ ಇಳಿದುಕೊಳ್ಳುತ್ತಿದ್ದಳು. ಅವಳ ಬದುಕಿನ ಒಂದು ದೊಡ್ಡ ದಿನ ನಾನು ಅವಳ ಪಕ್ಕದಲ್ಲಿರಬೇಕು, ಆ ಪ್ರಾಣಿಯೂ ನರಳಬಾರದು. ಎರಡಕ್ಕೂ ದಾರಿ ಒಂದೇ ಕಂಡಿತು.

"ಗುಂಡು ನಾನು ಆರಿಸ್ತೀನಿ" ಎಂದು ಘೋಷಿಸಿದೆ.

"ರೀ, ಅದಕ್ಕೆ ಒಂದು ಮಾತು..." ಎಂದಳು ಕಸ್ತೂರಿ.

"ಒಂದ್ ನಿಮಿಷ" ಎಂದು ಕೈ ಎತ್ತಿ, ಲ್ಯಾಪ್‌ಟಾಪ್ ತರಲು ಎದ್ದೆ.

ಅಲ್ಲಿಂದ ಮೂರು ವಾರ ನಾನು ನಡೆಸಿದ ಸಂಶೋಧನೆಗೆ ಯೂನಿವರ್ಸಿಟಿಯವರು ಡಾಕ್ಟರೇಟ್ ಕೊಡಬೇಕಿತ್ತು. ಅಲ್ಲಿಯವರೆಗೆ ನನಗೆ ಗೊತ್ತಿದ್ದ ಬಂದೂಕು ಒಂದೇ, ಮೈಸೂರಿನ ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನ ಜೊತೆ ನಿದ್ದೆ ಮಾಡುತ್ತಿದ್ದದ್ದು. ಈಗ ಹದಿನಾಲ್ಕು ಬಗೆಯ ರೈಫಲ್‌ಗಳ ಹೆಸರು ಬಾಯಿಗೆ ಬಂತು. ಗ್ರೇನ್ ಅಂದರೆ ಗುಂಡಿನ ತೂಕ, ಹದಿನೈದು ಗ್ರೇನ್ ಸೇರಿದರೆ ಸುಮಾರು ಒಂದು ಗ್ರಾಂ ಎಂದು ಕಲಿತೆ. ಇಂಟರ್ನೆಟ್ಟಿನಲ್ಲಿ ಬರೆಯುವವರೆಲ್ಲ ಅಮೆರಿಕದವರು, ಅವರು ಎಲ್ಕ್ ಎಂಬ ಪ್ರಾಣಿಯ ಲೆಕ್ಕದಲ್ಲೇ ಮಾತಾಡುತ್ತಾರೆ. ಅಲ್ಲಿನ ಎಲ್ಕ್, ಇಲ್ಲಿನ ಕೆಂಪು ಜಿಂಕೆ, ನಮ್ಮ ಬಂಡೀಪುರದ ಕಡವೆ, ಮೂರೂ ದಾಯಾದಿಗಳು ಎಂದು ಗೊತ್ತಾಗಿ ಸಮಾಧಾನವಾಯಿತು. ಬೆಳಿಗ್ಗೆ ಆಫೀಸಿಗೆ ಹೋಗುವಾಗ, ಇಲ್ಲಿಯ ನದಿಯಲ್ಲಿ ಬಸ್ಸಿನ ಹಾಗೆ ಓಡಾಡುವ ದೋಣಿಯಲ್ಲಿ ಕೂತು ಗುಂಡಿನ ವೇಗದ ಪಟ್ಟಿಗಳನ್ನು ಓದುತ್ತಿದ್ದೆ. ಎರಡನೇ ದಿನದಿಂದ ನನ್ನ ಪಕ್ಕದ ಸೀಟುಗಳು ತಾವಾಗಿಯೇ ಖಾಲಿಯಾಗುತ್ತಿದ್ದವು, ಕಾಲು ಚಾಚಿ ಕೂರಲು ಅನುಕೂಲವೇ ಆಯಿತು.

ಸಮಸ್ಯೆ ಸುಲಭದ್ದಲ್ಲ. ಗುಂಡು ಹಗುರವಾಗಿದ್ದು ಮದ್ದು ಕಡಿಮೆಯಿದ್ದರೆ ಭುಜಕ್ಕೆ ಒದೆತ ಕಡಿಮೆ. ತೀರ ಕಡಿಮೆಯಾದರೆ ಜಿಂಕೆಗೆ ಗಾಯವಾಗುತ್ತದೆ, ಜೀವ ಹೋಗುವುದಿಲ್ಲ. ಮಗಳ ಭುಜವೂ ಉಳಿಯಬೇಕು, ಜಿಂಕೆಯೂ ಒಂದೇ ಏಟಿಗೆ ಹೋಗಬೇಕು. ಸಸ್ಯಾಹಾರಿಯೊಬ್ಬ ಇಂಥ ಲೆಕ್ಕ ಹಾಕುವುದು ವಿಚಿತ್ರ ಎಂದು ನೀವು ನಗಬಹುದು. ಆದರೆ ಆ ಲೆಕ್ಕ ತಪ್ಪಬಾರದು ಎಂಬ ಭಯ ನನಗಿದ್ದಷ್ಟು ಯಾವ ಮಾಂಸಾಹಾರಿಗೂ ಇರಲಿಕ್ಕಿಲ್ಲ.

ನಮ್ಮವರ ಪದ್ಧತಿ ನಿಮಗೆ ಗೊತ್ತಿದೆ. ಫ್ರಿಜ್ ಕೊಳ್ಳುವುದಾದರೂ ನಾಲ್ಕು ಊರಿನ ನೆಂಟರಿಷ್ಟರ ಅಭಿಪ್ರಾಯ ತೆಗೆದುಕೊಳ್ಳದೆ ಕೊಳ್ಳುವುದಿಲ್ಲ. ಮೊದಲು ಪರ್ತ್‌ಗೆ ಫೋನ್ ಮಾಡಿದೆ. ಥಾರ್ನ್ಲಿಯಲ್ಲಿ ನಮ್ಮ ಹಳೆಯ ನೆರೆಮನೆಯ ಹಾಲಪ್ಪನವರು ದಾವಣಗೆರೆ ಕಡೆಯವರು, ಗಣಿಗಳಲ್ಲಿ ಬಂಡೆ ಸಿಡಿಸುವ ಎಂಜಿನಿಯರ್. ಮದ್ದಿನ ವಿಷಯ ಅವರಿಗಲ್ಲದೆ ಯಾರಿಗೆ ಗೊತ್ತಿರಬೇಕು?

"ಏನ್ರೀ ರಾಯರೆ, ಕೂಸಿನ ಭುಜ ಅಂತೀರಿ, ಮತ್ತೇನ್ ಯೋಚನೆ? ಇರೋದ್ರಾಗೇ ಸಣ್ಣದು ತಗಳ್ರಿ" ಎಂದರು ಹಾಲಪ್ಪ. "ನಾನು ಗುಡ್ಡಾನೇ ಸಣ್ಣ ಸಣ್ಣ ಮದ್ದಿನಾಗ ಮಲಗಿಸ್ತೀನಿ."

"ಗುಡ್ಡ ಓಡಿಹೋಗಲ್ವಲ್ಲ ಹಾಲಪ್ಪನವರೆ" ಎಂದೆ.

"ಅದೂ ಖರೆ ಐತಿ" ಎಂದು ಒಪ್ಪಿಕೊಂಡರು.

ಆಮೇಲೆ ಅಡಿಲೇಡ್. ಅಲ್ಲಿ ಕಸ್ತೂರಿಯ ಅಣ್ಣ ನಾಗೇಂದ್ರ ಇದ್ದಾರೆ. ರಸ್ತೆಯ ಟ್ರಾಫಿಕ್ ಸಿಗ್ನಲ್‌ಗಳ ಎಂಜಿನಿಯರ್. ಅವರಿಗೆ ಗೊತ್ತಿಲ್ಲದ ವಿಷಯ ಈ ಪ್ರಪಂಚದಲ್ಲಿ ಇನ್ನೂ ಹುಟ್ಟಿಲ್ಲ.

"ದೊಡ್ಡದೇ ತಗೋ ಅನಂತು" ಎಂದರು, ಪ್ರಶ್ನೆ ಮುಗಿಯುವ ಮುಂಚೆಯೇ. "ಸಣ್ಣದೆಲ್ಲ ಮಕ್ಕಳಾಟ. ನಮ್ಮನೆ ಹಿಂದಿನ ಗುಡ್ಡಕ್ಕೆ ಜಿಂಕೆ ಬರುತ್ತೆ, ನಾನು ದಿನಾ ನೋಡ್ತೀನಲ್ಲ. ಇಷ್ಟೆತ್ತರ!"

"ಫೋನಲ್ಲಿ ಎತ್ತರ ಕಾಣ್ತಿಲ್ಲ ಭಾವ."

"ಇರುತ್ತೆ ಅಂತ ಇಟ್ಕೋ. ಒದೆತ ಪದೆತ ಎಲ್ಲ ಮನಸ್ಸಿನ ಭಾವನೆ. ಗಂಡಸಾದವನು ಫುಲ್ ಪವರ್ರೇ ಹೊಡೀಬೇಕು."

"ಹೊಡೆಯೋದು ನಿಖಿತಾ."

"ಅವಳೂ ನಮ್ಮ ಮನೆ ಹುಡುಗಿ ತಾನೇ?" ಎಂದು ಫೋನ್ ಇಟ್ಟರು.

ಒಬ್ಬರು ಸಣ್ಣದು, ಒಬ್ಬರು ದೊಡ್ಡದು. ಪ್ರಯೋಗ ಮಾಡದೆ ಗತಿಯಿಲ್ಲ ಎಂದು ತೀರ್ಮಾನಿಸಿದೆ. ಮಕ್ಕಳಿಗೆ ಒದೆತ ಹತ್ತು ಅಡಿ-ಪೌಂಡ್ ಮೀರಬಾರದು ಎಂದು ಎಲ್ಲ ಕಡೆ ಬರೆದಿತ್ತು. ಹತ್ತು ಅಡಿ-ಪೌಂಡ್ ಅಂದರೆ ಎಷ್ಟು ನೋವು? ಲೆಕ್ಕ ಹಾಕಿದೆ. ಸುಲಿದ ತೆಂಗಿನಕಾಯಿಯೊಂದು ಏಳೂವರೆ ಅಡಿ ಮೇಲಿಂದ ಬಿದ್ದಷ್ಟು. ಕೂಡಲೇ ದೇವರಮನೆಯಿಂದ ಒಂದು ಕಾಯಿ ತೆಗೆದುಕೊಂಡು ಹಿತ್ತಿಲಿಗೆ ಹೋದೆ. ನಮ್ಮದು ಕಂಬದ ಮೇಲೆ ನಿಂತ ಹಳೆಯ ಮರದ ಮನೆ, ಹಿಂದೆ ಡೆಕ್ ಎನ್ನುವ ಎತ್ತರದ ಮರದ ಜಗಲಿ ಇದೆ. ಅದರ ಕೆಳಗೆ ಮಣೆ ಹಾಕಿಕೊಂಡು, ಭುಜದ ಮೇಲೆ ಮಡಿಸಿದ ಟವೆಲ್ ಇಟ್ಟುಕೊಂಡು ಕೂತೆ. ಕಸ್ತೂರಿ ಮೇಲೆ ಕಾಯಿ ಹಿಡಿದು ಬಗ್ಗಿ ನೋಡಿದಳು.

"ರೀ, ಇದೆಲ್ಲ ಯಾಕೆ, ನಾನೊಂದು ಹೇಳ್ತೀನಿ..."

"ಒಂದ್ ನಿಮಿಷ. ಮೊದಲು ಬಿಡು."

"ಯಾವ ಭುಜ?"

"ಬಲ."

ಬಿಟ್ಟಳು. ಒಂದು ಅಂಗುಲವೂ ಅತ್ತಿತ್ತ ಆಗದೆ ಟವೆಲ್ಲಿನ ನಡುಮಧ್ಯಕ್ಕೆ ಬಂದು ಬಿತ್ತು. ನಾನು ಮಣೆಯ ಸಮೇತ ಮಗುಚಿದೆ. ಬೇಲಿಯ ಆಚೆಯಿಂದ ಪಕ್ಕದ ಮನೆಯವನು ತಲೆ ಎತ್ತಿ ನೋಡಿ, ಏನೂ ಕೇಳದೆ ತಲೆ ಇಳಿಸಿದ. (ಹೆಂಡತಿಯ ಗುರಿ ಅಷ್ಟು ಚೆನ್ನಾಗಿರುವುದು ಹೇಗೆ ಎಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.) ಡೆಕ್ಕಿಗೆ ಬಂದ ನಿಖಿತಾ, "ಡ್ಯಾಡ್, ಎ ರೈಫಲ್ ಡಸಂಟ್ ಫಾಲ್ ಆನ್ ಯು. ಇಟ್ ಪುಶಸ್" ಎಂದು ಹೇಳಿ ಒಳಗೆ ಹೋದಳು. ಪೂರ್ತಿ ಮದ್ದಿನ ಗುಂಡಿನ ಪ್ರಯೋಗಕ್ಕೆ ಹದಿಮೂರು ಅಡಿ ಎತ್ತರ ಬೇಕಿತ್ತು, ನಮ್ಮ ಡೆಕ್ ಸಾಲದೆ ಅದನ್ನು ಕೈಬಿಟ್ಟೆ. ಅವತ್ತು ಅದೊಂದು ಮಾಡಿದ್ದರೆ ಹಣೆ ಉಳಿಯುತ್ತಿತ್ತು. ಆ ಕಾಯಿಯಲ್ಲಿ ಮಾರನೇ ದಿನ ಚಟ್ನಿ ಆಯಿತು.

ಎರಡನೇ ವಾರ ಅಂಕಿ ಅಂಶ ಸಮೇತ ಬಂದೂಕಿನ ಅಂಗಡಿಗೆ ಹೋದೆ. ಕೌಂಟರಿನಲ್ಲಿ ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಒಬ್ಬ ಹೆಂಗಸು ಇದ್ದಳು. ನನ್ನ ಪಟ್ಟಿಯನ್ನು ತಾಳ್ಮೆಯಿಂದ ನೋಡಿ, ಲೈಸೆನ್ಸ್ ಕೇಳಿದಳು. ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ. ಅವಳು ಅದನ್ನು ಎರಡು ಕಡೆ ತಿರುಗಿಸಿ ನೋಡಿ ವಾಪಸ್ ಕೊಟ್ಟು, ಗುಂಡು ಕೊಳ್ಳಲು ಬೇರೆಯದೇ ಬೇಕು, ರೈಫಲ್ ಇರುವವರೇ ಬಂದು ಕೊಳ್ಳಲಿ ಎಂದಳು. ಹೋಗಲಿ, ರೈಫಲ್ ಯಾವುದು ಎಂದು ಕೇಳಿದಳು.

ನಾನು ಪಟ್ಟಿ ಮಡಿಸಿ ಜೇಬಿಗಿಟ್ಟೆ. ಹದಿನಾಲ್ಕು ರೈಫಲ್‌ಗಳ ಗುಂಡುಗಳನ್ನು ತೂಗಿ ಅಳೆದವನು ಬ್ಯಾರಿಯ ಹತ್ತಿರ ಇರುವುದು ಯಾವುದು ಎಂದು ಕೇಳಿಯೇ ಇರಲಿಲ್ಲ. ಒಂದು ರೈಫಲ್‌ನ ಗುಂಡು ಇನ್ನೊಂದಕ್ಕೆ ಹಿಡಿಸುವುದಿಲ್ಲ ಎಂಬುದು ಗೊತ್ತಿದ್ದೂ, ಕಾಲಿನ ಅಳತೆ ತೆಗೆದುಕೊಳ್ಳದೆ ಚಪ್ಪಲಿ ಕೊಳ್ಳಲು ಹೊರಟಿದ್ದೆ.

"ತ್ರೀ ಓ ಎಯ್ಟ್. ಯು ನೆವರ್ ಆಸ್ಕ್ಡ್" ಎಂದಳು ಮನೆಯಲ್ಲಿ ನಿಖಿತಾ, ಟೋಸ್ಟಿಗೆ ಬೆಣ್ಣೆ ಸವರುತ್ತ.

ಬ್ಯಾರಿಯ ರೈಫಲ್ ಅದು. ನನ್ನ ಪಟ್ಟಿಯ ಹದಿನಾಲ್ಕು ಸಾಲಿನಲ್ಲಿ ಹದಿಮೂರು ಅಳಿಸಿದೆ. ಉಳಿದದ್ದರ ಬೆನ್ನು ಹತ್ತಿ ಇನ್ನೊಂದು ವಾರ ದುಡಿದೆ. ಕೊನೆಗೆ ಸಿಕ್ಕಿತು. ಅದೇ ರೈಫಲ್‌ಗೆ ಮದ್ದು ಕಡಿಮೆ ಮಾಡಿ, ನೂರಿಪ್ಪತ್ತೈದು ಗ್ರೇನಿನ ಹಗುರ ಗುಂಡು ಕೂರಿಸಿದ್ದು. ಒದೆತ ಹೆಚ್ಚುಕಡಿಮೆ ಅರ್ಧ, ನೂರು ಮೀಟರಿನೊಳಗೆ ಜಿಂಕೆಗೆ ಧಾರಾಳ ಸಾಕು. ನಾಲ್ಕು ಪುಟದ ವರದಿ ಬರೆದೆ. ಪೀಠಿಕೆ, ಪ್ರಯೋಗ (ತೆಂಗಿನಕಾಯಿ ಪ್ರಕರಣ), ಚರ್ಚೆ, ತೀರ್ಮಾನ. ಬ್ಯಾರಿಗೆ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಬರೆದು ಆಫೀಸಿನ ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆದು ಕಸ್ತೂರಿಗೆ ಕೊಟ್ಟೆ.

"ಚೆನ್ನಾಗಿದೆ. ಕಾಗದ ಗಟ್ಟಿ ಇದೆ" ಎಂದಳು. "ಕೊಡಿ, ನಾನು ತಲುಪಿಸ್ತೀನಿ."

ಇಷ್ಟರಲ್ಲಿ ಒಂದು ಸಣ್ಣ ವಿಷಯ ಹೇಳುವುದು ಮರೆತೆ. ಆ ಮೂರು ಶನಿವಾರವೂ ತಾಯಿ ಮಗಳು ಬೆಳಿಗ್ಗೆಯೇ ಟೀಗನ್ ಮನೆಗೆ ಎಂದು ಹೋಗಿ ಮಧ್ಯಾಹ್ನ ಬರುತ್ತಿದ್ದರು. ಬಂದಾಗ ಇಬ್ಬರ ಬಟ್ಟೆಯಲ್ಲೂ ದೀಪಾವಳಿ ಪಟಾಕಿಯ ವಾಸನೆ. ಹಗಲೂ ರಾತ್ರಿ ಮದ್ದಿನ ಬಗ್ಗೆ ಓದಿ ಓದಿ ನನ್ನ ಮೂಗಿಗೇ ಭ್ರಮೆಯಾಗಿದೆ ಎಂದುಕೊಂಡೆ. ಸಂಶೋಧಕರಿಗೆ ಹೀಗೆಲ್ಲ ಆಗುತ್ತದೆ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಆ ವರ್ಷ ದಸರಾ ಶಾಲೆಯ ರಜೆಯಲ್ಲೇ ಬಂದಿತ್ತು. ಶುಕ್ರವಾರ ಆಯುಧಪೂಜೆ. ಕಾರು, ಲ್ಯಾಪ್‌ಟಾಪ್, ಮಿಕ್ಸಿ, ಹುಲ್ಲು ಕತ್ತರಿಸುವ ಯಂತ್ರ, ಎಲ್ಲಕ್ಕೂ ಅರಿಶಿನ ಕುಂಕುಮ ಆಯಿತು. ಹದಿನೈದು ವರ್ಷದಿಂದ ಆಯುಧವೇ ಇಲ್ಲದೆ ಆಯುಧಪೂಜೆ ಮಾಡುತ್ತಿದ್ದ ಮನೆಗೆ ಈ ಸಲವಾದರೂ ಒಂದು ನಿಜವಾದ ಆಯುಧ ಬೇಡವೇ ಎಂದಳು ಕಸ್ತೂರಿ. ಹಾಗಾಗಿ ಶನಿವಾರ ಬೆಳಿಗ್ಗೆ ಕುಂಕುಮದ ಬಟ್ಟಲು, ನಾಲ್ಕು ನಿಂಬೆಹಣ್ಣು ಚೀಲದಲ್ಲಿಟ್ಟುಕೊಂಡೇ ಹೊರಟೆವು. ಮೊದಲು ಶೂಟಿಂಗ್ ರೇಂಜಿನಲ್ಲಿ ಕಾಗದಕ್ಕೆ ಹೊಡೆದು ರೈಫಲ್ ಸರಿಯಿದೆಯೇ ನೋಡುವುದು, ಆಮೇಲೆ ಬ್ಯಾರಿಯ ಹೊಲ. ಇದು ಆ ದಿನದ ಕಾರ್ಯಕ್ರಮ.

ರೇಂಜಿನ ಹೊರಗೆ ಬ್ಯಾರಿ ಕಾಯುತ್ತಿದ್ದ. ಎಪ್ಪತ್ತು ದಾಟಿದ, ಒಣಕಲು ಕಟ್ಟಿಗೆಯಂಥ ಮುದುಕ. ಕಸ್ತೂರಿ ಅವನ ಯೂಟಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು, ರೈಫಲ್‌ನ ಮರದ ಹಿಡಿಕೆಗೆ ಒಂದು ಬೊಟ್ಟು, ಬ್ಯಾರಿಯ ಹಣೆಗೆ ಒಂದು ಬೊಟ್ಟು. ಅವನು ಟೋಪಿ ತೆಗೆದು ಬಗ್ಗಿದ. ನನ್ನ ಹಣೆಗೆ ಬಂದಾಗ ಬಟ್ಟಲಿನಲ್ಲಿ ಉಳಿದದ್ದನ್ನೆಲ್ಲ ಖಾಲಿ ಮಾಡಿದಳು, ಹೆಬ್ಬೆರಳಗಲದ ಕುಂಕುಮ. ಬಾಗಿಲಲ್ಲಿದ್ದ ರೇಂಜಿನ ಅಧಿಕಾರಿ ಗಾಬರಿಯಿಂದ ಓಡಿ ಬಂದು, "ಮೇಟ್, ಯು ಬ್ಲೀಡಿಂಗ್?" ಎಂದ. ಇಲ್ಲ, ಇದು ನಮ್ಮ ಪೂಜೆಯದ್ದು ಎಂದು ವಿವರಿಸಿದೆ. ಅವನಿಗೆ ಸಮಾಧಾನವಾಯಿತು. ನನ್ನ ಹಿಂದೆ ನೋಡಿ ಅವನ ಮುಖ ಅರಳಿತು.

"ಹಾಯ್ ನಿಕ್! ಹಾಯ್ ಕಾಸ್! ದಿಸ್ ಮಸ್ಟ್ ಬಿ ದ ಹಸ್ಬೆಂಡ್!"

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳನ್ನು ಯಾರೂ ಕಾಸ್ ಎಂದು ಕರೆದದ್ದು ನಾನು ಕೇಳಿರಲಿಲ್ಲ.

"ನೀನು ಇಲ್ಲಿಗೆ ಮೊದಲೇ ಬಂದಿದ್ದೀಯಾ?"

"ಮೂರು ಶನಿವಾರದಿಂದ ಬರ್ತಿದ್ದೀವಿ. ಅವಳಿಗೆ ಅಭ್ಯಾಸ ಆಗ್ಬೇಡ್ವಾ?"

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದಾಗೆಲ್ಲ ಕೈ ಎತ್ತಿ ಒಂದ್ ನಿಮಿಷ ಅಂದ್ರಿ. ಆ ನಿಮಿಷ ಇನ್ನೂ ಮುಗಿದಿಲ್ಲ ಅಂದ್ಕೊಂಡೆ."

ಕಸ್ತೂರಿ ಕೈಚೀಲದಿಂದ ಮಡಿಸಿದ ಬಿಳಿ ಕಾಗದಗಳನ್ನು ತೆಗೆದಳು. ಒಂದೊಂದರ ಮೇಲೂ ಬಳೆ ಇಟ್ಟು ಎಳೆದ ದುಂಡನೆಯ ಗೆರೆ. ಬ್ಯಾರಿ ಒಂದನ್ನು ದೂರದ ಹಲಗೆಗೆ ಅಂಟಿಸಿ ಬಂದ. ನಿಖಿತಾ ಮರಳಿನ ಚೀಲದ ಮೇಲೆ ರೈಫಲ್ ಊರಿ, ಕಿವಿ ಮುಚ್ಚಿಕೊಂಡು ಕೂತಳು. ನಾನು ಅವಳ ಭುಜವನ್ನೇ ನೋಡುತ್ತಿದ್ದೆ. ಮೂರು ಸದ್ದು, ಮೂರು ಸಲ ಭುಜ ಸುಮ್ಮನೆ ಹಿಂದಕ್ಕೆ ಸರಿದು ಮುಂದಕ್ಕೆ ಬಂತು, ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ತಗುಲಿದ ಹಾಗೆ. ಕಣ್ಣು ಮುಚ್ಚಲಿಲ್ಲ. ದುರ್ಬೀನಿನಲ್ಲಿ ನೋಡಿದರೆ ಮೂರು ತೂತುಗಳೂ ಒಂದು ಉದ್ದಿನವಡೆಯಷ್ಟು ಜಾಗದೊಳಗೆ ಇದ್ದವು.

ಗುಂಡಿನ ಡಬ್ಬಿ ನೋಡಿದೆ. ನೂರಿಪ್ಪತ್ತೈದು ಗ್ರೇನ್, ಕಡಿಮೆ ಒದೆತ. ನನ್ನ ವರದಿಯ ತೀರ್ಮಾನ ಅಕ್ಷರಶಃ! ಮೂರು ವಾರದ ದುಡಿಮೆ ಸಾರ್ಥಕವಾಯಿತು ಎಂದು ಕಣ್ಣು ತುಂಬಿ ಬಂತು.

"ನೋಡಿದ್ಯಾ? ನನ್ನ ರಿಪೋರ್ಟ್ ನೋಡೇ ತಂದಿದ್ದಾರೆ!"

"ಹ್ಞೂಂ" ಎಂದಳು ಕಸ್ತೂರಿ, ಬೇರೆ ಕಡೆ ನೋಡುತ್ತ.

ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ವಿಷಯ ತಜ್ಞನಾದವನು ಒಂದು ಸಲವೂ ಹೊಡೆಯದೆ ಹೋಗುವುದೇ? ರೇಂಜಿನಲ್ಲಿ ಫಾರ್ಮಿಗೆ ಸಹಿ ಹಾಕಿದರೆ ಲೈಸೆನ್ಸ್ ಇಲ್ಲದವರೂ ಪಕ್ಕದಲ್ಲಿ ತಿಳಿದವರಿದ್ದರೆ ಹೊಡೆಯಬಹುದು. ಸಹಿ ಹಾಕಿದೆ. ಬ್ಯಾರಿ ಮೆತ್ತಗಿನ ಡಬ್ಬಿ ಚಾಚಿದ. ಅಡಿಲೇಡ್‌ನ ಭಾವನ ಮಾತು ಆ ಗಳಿಗೆಯಲ್ಲೇ ನೆನಪಾಗಬೇಕೇ! ಅದು ಮಕ್ಕಳಿಗೆ, ನನಗೆ ಪೂರ್ತಿ ಮದ್ದಿನದ್ದೇ ಕೊಡಿ ಎಂದೆ. ಬ್ಯಾರಿ ಕಸ್ತೂರಿಯ ಮುಖ ನೋಡಿದ. ಅವಳು ಭುಜ ಹಾರಿಸಿದಳು.

"ರೀ, ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡ್ಕೊಳಿ. ಕಣ್ಣು ಅಷ್ಟು ಹತ್ರ..."

"ಒಂದ್ ನಿಮಿಷ" ಎಂದು, ರೈಫಲ್ ಮೇಲೆ ಕೂರಿಸಿದ್ದ ಗುರಿನೋಡುವ ದುರ್ಬೀನಿಗೆ ಹಣೆ ತಾಗಿಸಿ ಕುದುರೆ ಒತ್ತಿದೆ.

ಪುಶ್ ಮಾಡುತ್ತದೆ ಎಂದು ಮಗಳು ಹೇಳಿದ್ದು ಸುಳ್ಳು. ಹದಿಮೂರು ಅಡಿಯ ತೆಂಗಿನಕಾಯಿ ಭುಜಕ್ಕೂ, ಇನ್ನೊಂದು ಅದರ ಜೊತೆಗೇ ಹಣೆಗೂ ಬಿತ್ತು. ಹಿಂದಕ್ಕೆ ಹಾರಿದ ರೈಫಲ್‌ನ ದುರ್ಬೀನು ಹುಬ್ಬಿನ ನಡುವೆ ಮುದ್ರೆ ಒತ್ತಿತ್ತು. ಬೆಚ್ಚಗೆ ಏನೋ ಇಳಿಯತೊಡಗಿತು. ಸಹಾಯಕ್ಕಾಗಿ ರೇಂಜಿನ ಅಧಿಕಾರಿಯ ಕಡೆ ತಿರುಗಿದೆ. ಅವನು ನನ್ನ ಹಣೆ ನೋಡಿ, ತಿಳಿದವನ ಹಾಗೆ ಮುಗುಳ್ನಕ್ಕು, ತಲೆಯಾಡಿಸಿ ಮುಂದೆ ಹೋದ. ಬ್ಯಾರಿ ನೋಡಿದ, ಅವನೂ ಗೌರವದಿಂದ ಟೋಪಿ ಮುಟ್ಟಿಕೊಂಡ. ಅದು ಮೂಗಿನ ತುದಿಗೆ ಬಂದು ಅಂಗಿಯ ಮೇಲೆ ತೊಟ್ಟಿಕ್ಕುವವರೆಗೂ, ನನ್ನ ಹಣೆಯಲ್ಲಿ ಈಗ ಇರುವುದು ಕುಂಕುಮವೊಂದೇ ಅಲ್ಲ ಎಂದು ಯಾರಿಗೂ ಗೊತ್ತಾಗಲಿಲ್ಲ.

ಕಸ್ತೂರಿ ಪ್ಲಾಸ್ಟರ್ ಹಚ್ಚಿದಳು. "ಗಟ್ಟಿಯಾಗಿ ಒತ್ತಿ ಹಿಡಿಯೋದನ್ನ ಎನ್‌ಸಿಸಿಲಿ ಮೊದಲನೇ ದಿನವೇ ಹೇಳ್ಕೊಡ್ತಾರೆ."

"ನೀನು ಎನ್‌ಸಿಸಿಲಿ ಇದ್ಯಾ?"

"ಕಾಲೇಜಲ್ಲಿ ಮೂರು ವರ್ಷ. ಎರಡು ಸಲ ಶೂಟಿಂಗ್ ಕ್ಯಾಂಪಿಗೆ ಹೋಗಿದ್ದೆ. ಹುಡುಗಿ ನೋಡೋಕೆ ಮುಂಚೆ ನಿಮ್ಮನೆಗೆ ಕಳಿಸಿದ್ದ ಫೋಟೋದಲ್ಲಿ ಯೂನಿಫಾರ್ಮೇ ಹಾಕಿದ್ದೆ."

ಆ ಫೋಟೋ ನನಗೆ ನೆನಪಿತ್ತು. ಹುಡುಗಿ ಬಸ್ ಕಂಡಕ್ಟರ್ ಇರಬಹುದು ಎಂದು ನಾನೂ ನಮ್ಮಮ್ಮನೂ ಮಾತಾಡಿಕೊಂಡಿದ್ದೆವು. ಅದನ್ನು ಈಗ ಹೇಳುವುದು ಬೇಡವೆನಿಸಿತು.

ಸಂಜೆ ನಾಲ್ಕಕ್ಕೆ ಹೊಲದ ಮನೆಯ ಮುಂದೆ ಯೂಟ್ ಹೊರಟು ನಿಂತಿತು. ಬ್ಯಾರಿ ನನ್ನ ಪ್ಲಾಸ್ಟರ್ ನೋಡಿದ, ಎತ್ತಲಾಗದೆ ಜೋತಿದ್ದ ಬಲಗೈ ನೋಡಿದ, ಮೂರನೇ ಸೀಟಿಗೆ ಯಾರು ಎಂದು ನಿಖಿತಾಳನ್ನು ಕೇಳಿದ. ಅವಳು ನನ್ನ ಮುಖ ನೋಡಿ, ನೆಲ ನೋಡಿ, "ಮಮ್" ಎಂದಳು. ನನಗೆ ಬಹಳ ನೋವಾಯಿತು, ಭುಜದ ನೋವು ಅದರ ಮುಂದೆ ಏನೂ ಅಲ್ಲ. ಅವಳು ಹೇಳಿದ್ದು ಸರಿ ಎಂದು ಗೊತ್ತಿದ್ದದ್ದರಿಂದ ಇನ್ನೂ ಹೆಚ್ಚು ನೋವಾಯಿತು. ಹೋಗಿ ಬಾ ಎಂದು ಎಡಗೈ ಬೀಸಿದೆ.

ಬ್ಯಾರಿಯ ಹೆಂಡತಿ ಜೋನ್ ನನಗೆ ಜಗಲಿಯಲ್ಲಿ ಕುರ್ಚಿ ಹಾಕಿ, ಭುಜಕ್ಕೆ ಫ್ರೀಜರಿನ ಬಟಾಣಿ ಪೊಟ್ಟಣ ಕೊಟ್ಟು, ಟೀ ತಂದಿಟ್ಟಳು. ಬಿಸಿಲು ಇಳಿಯಿತು. ಗುಡ್ಡದ ಹಿಂದಿನಿಂದ ಒಂದು ಸದ್ದು ಬಂತು. ನಾನು ಎದ್ದು ನಿಂತೆ. ಎರಡನೆಯದು ಬಂದರೆ ಮೊದಲನೆಯದು ಸರಿಯಾಗಿ ಬೀಳಲಿಲ್ಲ ಎಂದು ಅರ್ಥ. ದೇವರೇ, ಎರಡನೆಯದು ಬೇಡ ಎಂದುಕೊಂಡೆ. ಒಂದರಿಂದ ಎಣಿಸತೊಡಗಿದೆ. ನೂರು ದಾಟಿತು, ಇನ್ನೂರು ದಾಟಿತು. ಎರಡನೆಯದು ಬರಲಿಲ್ಲ. ಬಟಾಣಿ ಪೊಟ್ಟಣ ಕೆಳಗೆ ಬಿದ್ದು ನೀರಾಗಿತ್ತು.

ಯೂಟ್ ವಾಪಸ್ ಬಂದಾಗ ನಿಖಿತಾ ಕೂಗಾಡುತ್ತ ಬರುತ್ತಾಳೆ ಎಂದುಕೊಂಡಿದ್ದೆ. ಅವಳು ಸುಮ್ಮನೆ ಇಳಿದು ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತೆ. ನನ್ನ ನೋವಿಲ್ಲದ ಭುಜಕ್ಕೆ ಒರಗಿದಳು. ಎಷ್ಟೋ ಹೊತ್ತಿನ ಮೇಲೆ, ಎಷ್ಟೋ ವರ್ಷಗಳ ಮೇಲೆ, ಕನ್ನಡದಲ್ಲಿ ಮಾತಾಡಿದಳು.

"ಅಪ್ಪಾ, ಅದಕ್ಕೆ ಗೊತ್ತೇ ಆಗ್ಲಿಲ್ಲ. ಹುಲ್ಲು ತಿಂತಾ ಇತ್ತು, ಬಿತ್ತು."

ನಾನು ಅವಳ ತಲೆ ಸವರಿದೆ. ಆಗ ಬಾಯಿ ಮುಚ್ಚಿಕೊಂಡಿದ್ದರೆ ನಾನು ದೊಡ್ಡ ಮನುಷ್ಯನಾಗುತ್ತಿದ್ದೆ.

"ಅದಕ್ಕೇ ಕಣಮ್ಮ, ಮೂರು ವಾರ ಕೂತು ಆ ಗುಂಡು ಆರಿಸಿದ್ದು" ಎಂದೆ.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಬ್ಯಾರಿ ಡಬ್ಬಿಯನ್ನು ಬೀರುವಿನಲ್ಲಿಡುವ ಮುಂಚೆ ಅದರ ಮುಚ್ಚಳದ ಮೇಲೆ ಪೆನ್ನಿನಲ್ಲಿ ಏನೋ ಬರೆದ. ಪ್ರತಿ ಸಲ ಹೊಡೆದಾಗ ತಾರೀಕು, ಎಷ್ಟು ಗುಂಡು ಎಂದು ಬರೆಯುವುದು ಅವನ ರೂಢಿಯಂತೆ. ಬಗ್ಗಿ ನೋಡಿದೆ. ಕೊನೆಯ ಸಾಲು ಇವತ್ತಿನದು. ಮೊದಲನೇ ಸಾಲು ಸೆಪ್ಟೆಂಬರ್ ಹದಿಮೂರು. ಅಂದರೆ ಹುರುಳಿಕಾಯಿ ಪಲ್ಯದ ಮಾರನೇ ದಿನ. ಇದೇ ಡಬ್ಬಿ, ಇದೇ ಗುಂಡು.

"ಕಸ್ತೂರಿ!"

"ಅವತ್ತು ಊಟ ಆದ್ಮೇಲೆ ಜೋನ್‌ಗೆ ಫೋನ್ ಮಾಡಿ, ಟೀಗನ್‌ಗೆ ಮೊದಲು ಯಾವುದು ಕೊಟ್ಟಿದ್ರಿ ಅಂತ ಕೇಳ್ದೆ. ಹೇಳಿದ್ರು. ಎರಡು ನಿಮಿಷ ಆಯ್ತು ಅಷ್ಟೆ."

"ಮತ್ತೆ ಮೂರು ವಾರ ನನ್ನನ್ನ ಯಾಕೆ ತಡೀಲಿಲ್ಲ?"

"ಒಂದು ಕಡೆ ಕೂತು ಖುಷಿಯಾಗಿ ಬರ್ಕೊಂಡಿದ್ರಿ. ಅಡುಗೆಗೆ ಉಪ್ಪು ಕಡಿಮೆ ಅಂತಾನೂ ಅನ್ಲಿಲ್ಲ. ಕೆಡಿಸೋದ್ಯಾಕೆ ಅಂತ."

"ತೆಂಗಿನಕಾಯಿ? ಗೊತ್ತಿದ್ದೂ ಅದನ್ನ ನನ್ನ ಮೇಲೆ ಬೀಳಿಸಿದ್ಯಲ್ಲ?"

"ನೀವೇ ಬಿಡು ಅಂದ್ರಿ."

ಜಿಂಕೆ ಬ್ಯಾರಿಯ ಮನೆಯಲ್ಲೇ ಉಳಿಯಿತು, ಅವರ ಫ್ರೀಜರಿಗೆ. ನಮಗೆ ಜೋನ್ ಒಂದು ಬುಟ್ಟಿ ನಿಂಬೆಹಣ್ಣು ಕೊಟ್ಟಳು. ಹೊರಡುವಾಗ ನಿಖಿತಾ ಬೆಳಿಗ್ಗೆ ತೂತು ಮಾಡಿದ ಕಾಗದವನ್ನು ನನಗೆ ಕೊಟ್ಟು, "ಫಾರ್ ಯು, ಡ್ಯಾಡ್" ಎಂದಳು. ಮೂರು ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಹಿಂದುಗಡೆ ಅಕ್ಷರ ಕಂಡವು. ತಿರುಗಿಸಿದೆ. ನನ್ನ ವರದಿಯ ನಾಲ್ಕನೇ ಪುಟ. ಮೂರೂ ಗುಂಡುಗಳು 'ತೀರ್ಮಾನ' ಎಂಬ ಭಾಗದೊಳಗಿಂದಲೇ ಹಾದು ಹೋಗಿದ್ದವು.

"ಕಾಗದ ಗಟ್ಟಿ ಇದೆ ಅಂತ ಆವತ್ತೇ ಹೇಳಿದ್ನಲ್ಲ" ಎಂದಳು ಕಸ್ತೂರಿ.

ಡಬ್ಬಿಯಲ್ಲಿ ನಾಲ್ಕು ಗುಂಡು ಉಳಿದಿವೆ. ಬ್ಯಾರಿ ಮುಚ್ಚಳದ ಮೇಲೆ, ಕೊನೆಯ ಸಾಲಿನ ಕೆಳಗೆ, 'ಇವು ಅಪ್ಪನಿಗೆ' ಎಂದು ಬರೆದಿಟ್ಟಿದ್ದಾನೆ. ನನ್ನ ಭುಜ ವಾಸಿಯಾದ ಮೇಲೆ ರೇಂಜಿನಲ್ಲಿ ಹೊಸಬರ ಪಟ್ಟಿಗೆ ನನ್ನ ಹೆಸರು ಸೇರಿಸಿದ್ದಾರೆ. ಕಲಿಸುವವಳು ನಿಖಿತಾ. ಪ್ರತಿ ಶನಿವಾರ ಬೆಳಿಗ್ಗೆ ಎರಡು ಗಂಟೆ ನಾನು ಅವಳ ಪಕ್ಕದಲ್ಲಿ ಕೂರಬಹುದು, ಅವಳಿಗೂ ಅಡ್ಡಿಯಿಲ್ಲವಂತೆ. ಮೊದಲ ಶನಿವಾರ ನಾನು ಮರಳಿನ ಚೀಲದ ಮುಂದೆ ಕೂತು, ಒದೆತದ ವಿಷಯದಲ್ಲಿ ನಾನು ಓದಿದ್ದ ಒಂದು ಮುಖ್ಯವಾದ ಅಂಶವನ್ನು ಅವಳಿಗೆ ತಿಳಿಸಲು ಬಾಯಿ ತೆರೆದೆ.

ಅವಳು ಕೈ ಎತ್ತಿದಳು.

"ಒಂದ್ ನಿಮಿಷ, ಅಪ್ಪಾ."